ಕಾಲು ಉಳಿದರೆ ಸಾಕೆ?

ಲಾರಿಯ ಗಾಲಿಗೆ ಸಿಕ್ಕ ಕಾಲಿಗೂ ನೆಲಬಾಂಬಿಗೆ ಸಿಕ್ಕ ಕಾಲಿಗೂ ಶಸ್ತ್ರವೈದ್ಯನ ಮೇಜಿನ ಮೇಲೆ ಭೇದ ಕಡಮೆ. ಎಲುಬು ಚೂರಾಗಿರುತ್ತದೆ, ಮಾಂಸ ಹರಿದಿರುತ್ತದೆ, ಗಾಯದೊಳಗೆ ಮಣ್ಣು ಹೊಕ್ಕಿರುತ್ತದೆ. ಕತ್ತರಿಸುವುದೋ ಉಳಿಸುವುದೋ? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಲು ಅಮೆರಿಕದ ದಂಡಿನ ಆಸ್ಪತ್ರೆಗಳೂ ಜನಸಾಮಾನ್ಯರ ಆಸ್ಪತ್ರೆಗಳೂ ಕೈಜೋಡಿಸಿದ ಸಂಗತಿಯನ್ನು ನಮ್ಮ ಮಿಲ್ಲಿನ ಬಾಂಧವರೂ ಅಂಗಡಿಕಾರರೂ ಅವಶ್ಯ ತಿಳಿಯಬೇಕು.

ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಸಿಪಾಯಿಯ ಎದೆಗೆ ಕವಚವಿತ್ತು, ಕೈಕಾಲಿಗೆ ಇರಲಿಲ್ಲ. ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈಕಾಲುಗಳವೇ. 2009ರಲ್ಲಿ ಆ ದೇಶದ ರಕ್ಷಣಾ ಖಾತೆಯ ಹಣದಿಂದ ‘ಮೇಜರ್ ಎಕ್ಸ್‌ಟ್ರೆಮಿಟಿ ಟ್ರಾಮಾ ರಿಸರ್ಚ್ ಕನ್ಸಾರ್ಷಿಯಂ’ ಎಂಬ ಆಸ್ಪತ್ರೆಗಳ ಕೂಟ ಏರ್ಪಟ್ಟಿತು. ಲೆಕ್ಕಪತ್ರದ ಕೇಂದ್ರ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ. ಒಂದೇ ಆಸ್ಪತ್ರೆಗೆ ಇಂಥ ಗಾಯಾಳುಗಳು ಬೆರಳೆಣಿಕೆಯಷ್ಟು ಬಂದಾರು. ಹತ್ತಾರು ಆಸ್ಪತ್ರೆಗಳು ಒಂದೇ ಬಗೆಯಲ್ಲಿ ಬರೆದಿಟ್ಟರೆ ಮಾತ್ರ ಚಿಕಿತ್ಸೆಯ ಹುರುಳು ತಿಳಿದೀತು. ಯುದ್ಧ ನಿಂತರೆ ದಂಡಿನ ಆಸ್ಪತ್ರೆ ಬರಿದಾಗುತ್ತದೆ. ರಸ್ತೆಯ ಅಪಘಾತವಾದರೋ ಒಂದು ದಿನವೂ ನಿಲ್ಲುವುದಿಲ್ಲ. ಖಾತೆಯವರು ಹಣ ಕೊಟ್ಟದ್ದು ಬಡವನ ಮೇಲಿನ ಮಮತೆಯಿಂದಲ್ಲ, ನಿಜ. ಹುಟ್ಟಿದ ತಿಳಿವಳಿಕೆ ಮಾತ್ರ ಬಡವನಿಗೂ ಸೇರಿದ್ದು.

ಏನು ತಿಳಿಯಿತು? ಕೂಟ ಏರ್ಪಡುವ ಮೊದಲೇ ಅಲ್ಲಿನ ಎಂಟು ನಾಗರಿಕ ಆಸ್ಪತ್ರೆಗಳು 569 ಮಂದಿ ಗಾಯಾಳುಗಳನ್ನು ಎರಡು ವರ್ಷ ಹಿಂಬಾಲಿಸಿ ನೋಡಿದ್ದವು. 2002ರಲ್ಲಿ ಪ್ರಕಟವಾದ ಫಲಿತಾಂಶ ಇದು: ಕಾಲು ಕಳೆದುಕೊಂಡವರ ಪಾಡೂ ಉಳಿಸಿಕೊಂಡವರ ಪಾಡೂ ಹೆಚ್ಚುಕಡಮೆ ಒಂದೇ. ಎರಡು ಗುಂಪಿನಲ್ಲೂ ಕೆಲಸಕ್ಕೆ ಮರಳಿದವರು ಸುಮಾರು ಅರ್ಧದಷ್ಟು. ಯಾರು ಹೆಚ್ಚು ನರಳಿದರು? ಬಡವರು, ಓದು ಕಡಮೆಯಿದ್ದವರು, ವಿಮೆಯಿಲ್ಲದವರು, ಆಸರೆಗೆ ಬಂಧುಮಿತ್ರರಿಲ್ಲದವರು. ಇದನ್ನು ಬರೆದವರು ಯಾವ ಪಕ್ಷದವರೂ ಅಲ್ಲ, ವೈದ್ಯರು!

ತರುವಾಯ 2013ರಲ್ಲಿ ಸಿಪಾಯಿಗಳದೇ ಲೆಕ್ಕ ಹೊರಬಂತು. ಅಲ್ಲಿ ಕಾಲು ಕತ್ತರಿಸಿಕೊಂಡವರೇ ಉಳಿಸಿಕೊಂಡವರಿಗಿಂತ ಚೆನ್ನಾಗಿದ್ದರು. ಇದು ವಿಚಿತ್ರವೆನಿಸಬಹುದು. ಕಾಲು ಹೋದ ಸಿಪಾಯಿಗೆ ಒಳ್ಳೆಯ ಕೃತಕ ಕಾಲು, ತಿಂಗಳುಗಟ್ಟಲೆ ನಡಿಗೆಯ ಅಭ್ಯಾಸ, ಜತೆಗಾರರ ಧೈರ್ಯ ಎಲ್ಲವೂ ಒಂದೇ ಸೂರಿನಡಿ ದೊರೆತಿದ್ದವು. ಅದೇ ಕಾರಣವಿರಬಹುದೆಂದು ಬರೆದವರು ಎಚ್ಚರದಿಂದ ಹೇಳಿದ್ದಾರೆ. ನಾವು ಅಷ್ಟು ಎಚ್ಚರ ವಹಿಸಬೇಕಿಲ್ಲ. ಗರಗಸ ಇಟ್ಟ ಕೈ ಯಾವುದೆಂಬುದಕ್ಕಿಂತ ಆಮೇಲೆ ಹಿಡಿದ ಕೈ ಯಾವುದೆಂಬುದು ದೊಡ್ಡದು.

ಇನ್ನೊಂದು ಮಾತು. ಎಲುಬು ಮುರಿದು ಮಲಗಿದವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೆರಡು ಸಲ ಚುಚ್ಚುಮದ್ದು ಕೊಡುವ ರೂಢಿಯಿದೆ. ಇದೇ ಕೂಟದವರು ಅಮೆರಿಕ ಮತ್ತು ಕೆನಡಾದ 21 ಆಸ್ಪತ್ರೆಗಳಲ್ಲಿ 12,211 ಗಾಯಾಳುಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದಂತೆ, ಸಾವನ್ನು ತಡೆಯುವುದರಲ್ಲಿ ಆಸ್ಪಿರಿನ್ ಗುಳಿಗೆ ಆ ಮದ್ದಿಗೆ ಕಡಮೆಯಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ್ದು ಗುಳಿಗೆಯವರಲ್ಲಿ ಕೊಂಚ ಹೆಚ್ಚು ಎಂಬುದನ್ನೂ ಮರೆಮಾಚಲಿಲ್ಲ. ಚಿಲ್ಲರೆ ಕಾಸಿನ ಗುಳಿಗೆಯ ಪರವಾಗಿ ಇಷ್ಟು ದೊಡ್ಡ ಪರೀಕ್ಷೆಯನ್ನು ಯಾವ ಔಷಧ ವ್ಯಾಪಾರಿ ನಡೆಸಿಯಾನು?

ನಮ್ಮಲ್ಲೂ ಬೀಜವಿದೆ. ಪುಣೆಯ ಕೃತಕ ಅಂಗ ಕೇಂದ್ರ 1944ರಲ್ಲಿ ಗಾಯಗೊಂಡ ಸಿಪಾಯಿಗಳಿಗಾಗಿ ಹುಟ್ಟಿತು. ಮುಂದೆ ನಾಗರಿಕರಿಗೂ ಬಾಗಿಲು ತೆರೆಯಿತು. ಕಾರ್ಮಿಕರ ರಾಜ್ಯವಿಮೆಯ ಕಾನೂನು 1948ರಲ್ಲೇ ಬಂದಿತ್ತು, ಆ ವಿಮೆಗೆ ನಮ್ಮ ಸಂಬಳದ ಪಾಲೂ ಸಲ್ಲುತ್ತದೆ. ವಿಮೆಯ ಆಸ್ಪತ್ರೆಗಳೂ ದಂಡಿನ ಆಸ್ಪತ್ರೆಗಳೂ ಜಿಲ್ಲಾ ಆಸ್ಪತ್ರೆಗಳೂ ಒಂದೇ ಪುಸ್ತಕದಲ್ಲಿ ಲೆಕ್ಕವಿಡಲಿ. ಹೊಲಿಗೆ ಬಿಚ್ಚಿದ ದಿನಕ್ಕೆ ಪುಸ್ತಕ ಮುಚ್ಚುವುದು ಸಲ್ಲದು. ಎರಡು ವರ್ಷದ ಮೇಲೆ ಆತ ಯಂತ್ರದ ಮುಂದೆ ಪುನಃ ನಿಂತನೆ, ಅಂಗಡಿಯ ಬಾಗಿಲು ತೆಗೆದನೆ, ಮಗಳನ್ನು ಶಾಲೆ ಬಿಡಿಸಿದನೆ ಎಂಬುದೂ ಅದರಲ್ಲಿ ದಾಖಲಾಗಲಿ. ಮುಂದಿನ ಅಧಿವೇಶನದಲ್ಲಿ ನಮ್ಮ ಶಾಸಕರು ಮಂತ್ರಿಗಳನ್ನು ಕೇಳಬೇಕಾದ ಪ್ರಶ್ನೆ ಇದು.