ವ್ಯಾಸರಿಗೆ ಪ್ರವೇಶವಿಲ್ಲ

ಮಹಾಭಾರತವನ್ನು ರಚಿಸಿದ ವ್ಯಾಸರು ಆ ಕಥೆಯಲ್ಲಿ ತಾವೂ ಒಂದು ಪಾತ್ರ. ಧೃತರಾಷ್ಟ್ರ ಪಾಂಡುಗಳ ಜನಕರೂ ಅವರೇ. ಆ ಇಬ್ಬರ ಮಕ್ಕಳ ಕಲಹವನ್ನು ಲೋಕಕ್ಕೆ ತಿಳಿಸಿದವರೂ ಅವರೇ. ನಮ್ಮ ಹಿರಿಯರಿಗೆ ಇದರಲ್ಲಿ ದೋಷವೇನೂ ಕಾಣಲಿಲ್ಲ. ಕಂಡವನು ಹೇಳಿದರೆ ನಂಬಬೇಕೆಂಬುದು ಅವರ ನ್ಯಾಯ. ಇಂದು ಅದೇ ವ್ಯಾಸರು ಅಂತರಜಾಲದ ವಿಶ್ವಕೋಶವಾದ ವಿಕಿಪೀಡಿಯದಲ್ಲಿ ಕುರುಕ್ಷೇತ್ರದ ಯುದ್ಧವನ್ನು ಕುರಿತು ಲೇಖನ ಬರೆಯಹೊರಟರೆ, ಇಪ್ಪತ್ತು ವರ್ಷದ ತರುಣನೊಬ್ಬನು ವಿನಯದಿಂದಲೇ ಅವರನ್ನು ತಡೆದು, "ಸ್ವಾಮಿ, ತಾವು ಈ ವಿಷಯಕ್ಕೆ ತೀರ ಹತ್ತಿರದ ಸಂಬಂಧಿಗಳು. ತಮ್ಮ ನೆನಪು ಇಲ್ಲಿ ಆಧಾರವಾಗಲಾರದು. ಅಚ್ಚಾದ ಗ್ರಂಥವೇನಾದರೂ ಉಂಟೆ?" ಎಂದು ಕೇಳಿಯಾನು.

ಇದು ಬರಿಯ ವಿನೋದದ ಮಾತಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯರ ಚರಿತ್ರೆ ಇಂದು ಹೆಚ್ಚುಕಡಮೆ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದೆ.

ವಿಶ್ವಕೋಶಗಳ ಸ್ವಭಾವ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಶಿವರಾಮ ಕಾರಂತರು 'ಬಾಲಪ್ರಪಂಚ'ವನ್ನು ಏಕಾಂಗಿಯಾಗಿ ರಚಿಸಿದರು. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶಕ್ಕೆ ಆಯಾ ಶಾಸ್ತ್ರದ ಪಂಡಿತರು ಬರೆದರು. ಎರಡರಲ್ಲಿಯೂ ಬರೆದವರ ವಿದ್ವತ್ತೇ ಬರೆದುದಕ್ಕೆ ಹೊಣೆ. 2001ರಲ್ಲಿ ಹುಟ್ಟಿದ ವಿಕಿಪೀಡಿಯದಲ್ಲಾದರೋ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಬರೆದವನು ಯಾರೆಂದೇ ತಿಳಿಯದ ಮೇಲೆ ಅವನ ಮಾತನ್ನು ನಂಬುವುದೆಂತು? ಆದುದರಿಂದ ಅಲ್ಲಿ ಹೇಳಿದ ಸಂಗತಿಗೆಲ್ಲ ಬೇರೆಡೆ ಪ್ರಕಟವಾದ ಆಧಾರವನ್ನು ಕೇಳುತ್ತಾರೆ. ಸ್ವಂತ ಸಂಶೋಧನೆ ಸಲ್ಲದು. ತನ್ನನ್ನೂ ತನ್ನ ಸಂಘವನ್ನೂ ಕುರಿತು ತಾನೇ ಬರೆದುಕೊಳ್ಳುವುದು ಉಚಿತವಲ್ಲ. ನಿಯಮ ಒಳ್ಳೆಯದೇ. ಇದಿಲ್ಲದಿದ್ದರೆ ಊರೂರಿನ ಪುಢಾರಿಗಳೆಲ್ಲ ತಮ್ಮ ತಮ್ಮ ಸಹಸ್ರನಾಮವನ್ನು ಅಲ್ಲಿ ಸೇರಿಸಿಬಿಡುತ್ತಿದ್ದರು. ಆದರೆ ಒಳ್ಳೆಯ ನಿಯಮವೂ ಒಮ್ಮೊಮ್ಮೆ ಬಡವನ ಹೆಗಲ ಮೇಲೆಯೇ ಭಾರ ಹೇರುತ್ತದೆ. ತನ್ನ ಮಾತು ಅಚ್ಚಾಗುವಷ್ಟು ಅನುಕೂಲ ಯಾರಿಗಿತ್ತೋ ಅವನ ಕಥೆ ಉಳಿಯುತ್ತದೆ. ಉಳಿದವರದು ಮನೆಯ ಅಟ್ಟದ ಮೇಲೆ ಧೂಳು ತಿನ್ನುತ್ತದೆ.

ಗ್ರನ್‌ವಿಕ್ ಮುಷ್ಕರವನ್ನು ನೋಡಿರಿ. ಲಂಡನ್ನಿನ ವಾಯವ್ಯ ಭಾಗದಲ್ಲಿರುವ ವಿಲ್ಸ್‌ಡನ್ನಿನಲ್ಲಿ ಜನರ ಫೋಟೋ ಫಿಲ್ಮುಗಳನ್ನು ತೊಳೆದು ಚಿತ್ರ ಮಾಡಿಕೊಡುವ ಕಾರ್ಖಾನೆಯೊಂದಿದ್ದಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಮಂದಿ ಪೂರ್ವ ಆಫ್ರಿಕದಿಂದ ವಲಸೆ ಬಂದ ಗುಜರಾತಿ ಹೆಂಗಸರು. 1976ರ ಆಗಸ್ಟಿನಲ್ಲಿ ಜಯಾಬೆನ್ ದೇಸಾಯಿ ಎಂಬ, ಐದಡಿಯೂ ಎತ್ತರವಿಲ್ಲದ ಹೆಂಗಸು, ಹೊತ್ತು ಮೀರಿದ ಕೆಲಸದ ಬಲವಂತವನ್ನು ಧಿಕ್ಕರಿಸಿ ಹೊರಬಂದರು. ಇದು ಕಾರ್ಖಾನೆಯಲ್ಲ, ಮೃಗಾಲಯ; ಇಲ್ಲಿ ಕುಣಿಯುವ ಕೋತಿಗಳೂ ಉಂಟು, ಸಿಂಹಗಳೂ ಉಂಟು ಎಂಬರ್ಥದ ಮಾತನ್ನು ಅವರು ವ್ಯವಸ್ಥಾಪಕನ ಮುಖಕ್ಕೇ ಆಡಿದುದು ಪ್ರಸಿದ್ಧವಾಗಿದೆ. ಗಿರಾಕಿಗಳು ಫಿಲ್ಮುಗಳನ್ನು ಅಂಚೆಯಲ್ಲಿ ಕಳುಹುವ ಪದ್ಧತಿ ಇದ್ದುದರಿಂದ, ಕ್ರಿಕಲ್‌ವುಡ್ಡಿನ ಅಂಚೆಯ ನೌಕರರು ಆ ಟಪಾಲನ್ನು ಮುಟ್ಟುವುದಿಲ್ಲವೆಂದಾಗ ಕಾರ್ಖಾನೆಯ ಉಸಿರೇ ಕಟ್ಟಿದಂತಾಯಿತು. ಸುಮಾರು ಎರಡು ವರ್ಷ ನಡೆದ ಹೋರಾಟ 1978ರ ಜುಲೈಯಲ್ಲಿ ಸೋತು ನಿಂತಿತು.

ಅಂದಿನ ಪತ್ರಿಕೆಗಳು ಇವರಿಗೆ ಇಟ್ಟ ಹೆಸರು 'ಸೀರೆಯುಟ್ಟ ಮುಷ್ಕರಗಾರರು'. ಸೀರೆ ಕಂಡಿತು, ಸೀರೆಯುಟ್ಟವಳ ವಿಚಾರ ಕಾಣಲಿಲ್ಲ! ಆ ಹೆಂಗಸರಲ್ಲಿ ಒಬ್ಬೊಬ್ಬಳೂ ಗಂಡನನ್ನು, ಅತ್ತೆಯನ್ನು, ನೆರೆಹೊರೆಯ ಮಾತನ್ನು ಹೇಗೆ ಎದುರಿಸಿ ಚಳಿಯಲ್ಲಿ ಕಾರ್ಖಾನೆಯ ಬಾಗಿಲಲ್ಲಿ ನಿಂತಳು ಎಂಬುದು ವರದಿಗಾರನಿಗೆ ಹೊಳೆಯುವ ಪ್ರಶ್ನೆಯಲ್ಲ. ಬ್ರಿಟನ್ನಿನ ಏಷ್ಯನ್ ಹೆಂಗಸರನ್ನು ಮಾತನಾಡಿಸಿ ಅಮೃತ್ ವಿಲ್ಸನ್ ಅವರು 1978ರಲ್ಲಿ 'ಫೈಂಡಿಂಗ್ ಎ ವಾಯ್ಸ್' ಎಂಬ ಪುಸ್ತಕವನ್ನು ಹೊರತಂದುದರಿಂದ ಆ ದನಿಗಳು ಅಷ್ಟಿಷ್ಟಾದರೂ ಅಚ್ಚಿಗೆ ಬಂದುವು. ಇಂಗ್ಲಿಷ್ ವಿಕಿಪೀಡಿಯದ ಜೀವನಚರಿತ್ರೆಗಳಲ್ಲಿ ಹೆಂಗಸರದು ಐದರಲ್ಲಿ ಒಂದರಷ್ಟೇ ಎಂಬುದನ್ನು ನೆನೆದರೆ ಅಂತಹ ಒಂದು ಪುಸ್ತಕದ ಬೆಲೆ ಏನೆಂಬುದು ತಿಳಿಯುತ್ತದೆ.

ಲಂಡನ್ನಿನ ಪಶ್ಚಿಮದಲ್ಲಿ ಪಂಜಾಬಿಗಳು ಹೆಚ್ಚಾಗಿ ನೆಲೆಸಿದ ಸೌತ್‌ಹಾಲಿನ ಕಥೆ ಇನ್ನೂ ಕಠೋರವಾದುದು. 1979ರ ಏಪ್ರಿಲ್ 23ರಂದು ವರ್ಣದ್ವೇಷಿಗಳ ಪಕ್ಷವಾದ ನ್ಯಾಷನಲ್ ಫ್ರಂಟ್ ಅಲ್ಲಿನ ಪುರಭವನದಲ್ಲಿ ಸಭೆ ಸೇರಿತು. ಜನ ಪ್ರತಿಭಟಿಸಿದರು. ಅವರ ಜೊತೆ ನಿಂತಿದ್ದ ಬ್ಲೇರ್ ಪೀಚ್ ಎಂಬ ನ್ಯೂಜಿಲೆಂಡಿನ ಶಾಲಾ ಉಪಾಧ್ಯಾಯನು ತಲೆಗೆ ಪೆಟ್ಟು ಬಿದ್ದು ಸತ್ತನು. ಹೊಡೆದವರು ಪೊಲೀಸರೆಂದು ಕಂಡವರು ಅಂದೇ ಹೇಳಿದರು. ಪೊಲೀಸ್ ಇಲಾಖೆಯೊಳಗಿನ ತನಿಖೆಯೂ, ಪೆಟ್ಟು ಪೊಲೀಸನೊಬ್ಬನದೇ ಇರಬೇಕೆಂಬ ತೀರ್ಮಾನಕ್ಕೆ ಬಂದಿದ್ದಿತು. ಆದರೆ ಆ ವರದಿ ಹೊರಬಿದ್ದುದು 2010ರಲ್ಲಿ! ಬೀದಿಯಲ್ಲಿ ನಿಂತು ಕಣ್ಣಾರೆ ಕಂಡವರ ಮಾತಿಗೆ ಸರ್ಕಾರಿ ಕಾಗದದ ಮುದ್ರೆ ಬೀಳಲು 31 ವರ್ಷ ಹಿಡಿಯಿತು. ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದುಂಟು. ವೇಷ ಮರೆಸಿಕೊಂಡು ಚಳವಳಿಗಳ ಒಳಹೊಕ್ಕ ಪೊಲೀಸರನ್ನು ಕುರಿತು ವಿಚಾರಿಸಲು 2015ರಲ್ಲಿ ಸ್ಥಾಪಿತವಾದ ಆಯೋಗದ ಮುಂದೆ ಬಂದ ಕಡತಗಳಿಂದ, ಪೀಚನ ಶವಸಂಸ್ಕಾರಕ್ಕೆ ಬಂದವರನ್ನು ಕುರಿತೂ ಅವರು ವರದಿ ಬರೆದಿಟ್ಟಿದ್ದರೆಂಬುದು ತಿಳಿದುಬಂದಿತು. ಚಳವಳಿಗಾರರು ತಮ್ಮ ಕಾಗದಗಳನ್ನು ಮನೆ ಬದಲಿಸುವಾಗ ಎಸೆದರು, ಪೊಲೀಸರು ಎಸೆಯಲಿಲ್ಲ. ಮುಂದೆ ಚರಿತ್ರೆಕಾರನ ಕೈಗೆ ಮೊದಲು ಸಿಕ್ಕುವುದು ಯಾವ ಕಂತೆ?

ಚಳವಳಿಗಾರರು ಸುಮ್ಮನಿದ್ದವರಲ್ಲ. ಬರೆದರು, ಬೇಕಾದಷ್ಟು ಬರೆದರು. ಬ್ರಾಡ್‌ಫರ್ಡಿನ ಏಷ್ಯನ್ ಯುವಜನ ಚಳವಳಿಯವರು 'ಕಾಲಾ ತಾರಾ' ಎಂಬ ಪತ್ರಿಕೆಯನ್ನೇ ಹೊರಡಿಸಿದರು. ಕಪ್ಪು ನಕ್ಷತ್ರವೆಂದು ಅದರ ಅರ್ಥ. ಆಫ್ರಿಕದವರು, ಕೆರಿಬಿಯನ್ ದ್ವೀಪಗಳವರು, ಭಾರತೀಯರು, ಪಾಕಿಸ್ತಾನಿಗಳು, ಎಲ್ಲರೂ ಅಂದು ತಮ್ಮನ್ನು ಒಂದೇ 'ಕಪ್ಪು' ಎಂಬ ಹೆಸರಿನಿಂದ ಕರೆದುಕೊಂಡರೆಂಬುದನ್ನು ಇಂದಿನ ತರುಣ ಸಂಪಾದಕನು ಅರಿಯದಿದ್ದರೆ, ಆ ಪತ್ರಿಕೆಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ತಿಳಿಯದೆ ತಬ್ಬಿಬ್ಬಾದಾನು. ಕರಪತ್ರಗಳಾದರೋ ಇಂಗ್ಲಿಷಿನಲ್ಲಷ್ಟೇ ಅಲ್ಲ, ಪಂಜಾಬಿ ಉರ್ದುಗಳಲ್ಲಿಯೂ ಹೊರಟುವು. ವಿಕಿಪೀಡಿಯ ಬೇರೆ ಭಾಷೆಯ ಆಧಾರಗಳನ್ನು ಬೇಡವೆನ್ನುವುದಿಲ್ಲ. ಓದಬಲ್ಲವರು ಬೇಕು ಅಷ್ಟೆ.

ಆ ಬ್ರಾಡ್‌ಫರ್ಡಿನಲ್ಲಿಯೇ 1981ರಲ್ಲಿ ಹನ್ನೆರಡು ಮಂದಿ ತರುಣರು ಸೆರೆಯಾದರು. ವರ್ಣದ್ವೇಷಿಗಳು ಊರಿನ ಮೇಲೆ ಬರುತ್ತಾರೆಂಬ ಸುದ್ದಿ ಹಬ್ಬಿದಾಗ ಪೆಟ್ರೋಲ್ ಬಾಂಬುಗಳನ್ನು ಮಾಡಿ ಇಟ್ಟಿದ್ದರೆಂಬುದು ಆರೋಪ. ಮಾಡಿದ್ದುಂಟು, ಆತ್ಮರಕ್ಷಣೆಗಾಗಿ ಮಾಡಿದೆವು ಎಂಬುದು ಅವರ ವಾದ. 1982ರ ಜೂನಿನಲ್ಲಿ ಲೀಡ್ಸಿನ ನ್ಯಾಯಾಲಯದ ಜ್ಯೂರಿ ಅವರನ್ನು ಬಿಡುಗಡೆ ಮಾಡಿತು. ಆ ತರುಣರ ಬಳಗದಲ್ಲಿಯೇ ಸೆರೆಗೆ ಮೊದಲೇ ಒಡಕು ಬಿದ್ದು ಎರಡು ಸಂಘಗಳಾಗಿದ್ದುವು. ಇಂದು ಎರಡು ಕಡೆಯವರನ್ನೂ ಕೂರಿಸಿ ಕೇಳಿದರೆ ಎರಡು ಬಗೆಯ ಕಥೆ ಬರುವುದು ಸಹಜ. ನಲವತ್ತು ವರ್ಷದ ಹಿಂದಿನ ಜಗಳದಲ್ಲಿ ತನ್ನದೇ ತಪ್ಪೆಂದು ಒಪ್ಪಿಕೊಂಡವರುಂಟೆ? ನೆನಪನ್ನು ನೇರವಾಗಿ ಆಧಾರವೆಂದು ಎಣಿಸದಿರುವುದಕ್ಕೆ ಇಲ್ಲಿ ಕಾರಣ ಸಿಕ್ಕುತ್ತದೆ.

ಹಾಗಾದರೆ ಈ ಹಿರಿಯರನ್ನು ವಿಶ್ವಕೋಶದ ಕೆಲಸಕ್ಕೆ ತರುವುದು ಹೇಗೆ? ಲೇಖನಿಯನ್ನು ಅವರ ಕೈಗೇ ಕೊಟ್ಟು "ಬರೆಯಿರಿ" ಎಂದರೆ ಮರುದಿನ ಅದು ಅಳಿಸಿಹೋಗುತ್ತದೆ. ಅವರು ಅವಮಾನಿತರಾಗಿ ಮತ್ತೆ ಆ ಕಡೆ ತಿರುಗಿಯೂ ನೋಡರು. ಸುತ್ತು ದಾರಿಯೇ ಇಲ್ಲಿ ಹತ್ತಿರದ ದಾರಿ. ಆನಂದಿ ರಾಮಮೂರ್ತಿಯವರು ಹಳೆಯ ಚಳವಳಿಗಾರರನ್ನು ಕಂಡು, ಅವರ ಕರಪತ್ರ, ಭಿತ್ತಿಪತ್ರ, ಬ್ಯಾಡ್ಜುಗಳನ್ನು 'ತಂದಾನ' ಎಂಬ ಸಂಗ್ರಹದಲ್ಲಿ ಕೂಡಿಸಿ, 2013ರಲ್ಲಿ 'ಬ್ಲ್ಯಾಕ್ ಸ್ಟಾರ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಹೋರಾಡಿದವರ ಬಾಯಿಮಾತು ವಿದ್ವಾಂಸರ ಪರಿಶೀಲನೆಯಲ್ಲಿ ಹಾದು ಅಚ್ಚಾಯಿತು. ಅಚ್ಚಾದ ಮೇಲೆ ಯಾವ ತರುಣನೂ ಅದನ್ನು ಆಧಾರವಲ್ಲವೆಂದು ತಳ್ಳುವಂತಿಲ್ಲ. ಇದಲ್ಲದೆ, ವಿಕಿಪೀಡಿಯದ ಪ್ರತಿ ಲೇಖನದ ಬೆನ್ನಿಗೂ ಒಂದು ಚರ್ಚೆಯ ಪುಟ ಉಂಟು. ತಾನು ಯಾರೆಂಬುದನ್ನು ಮುಚ್ಚಿಡದೆ, "ಈ ತಾರೀಖು ತಪ್ಪು, ಇಂತಹ ದಿನದ ಪತ್ರಿಕೆಯನ್ನು ನೋಡಿರಿ" ಎಂದು ಅಲ್ಲಿ ಬರೆಯಲು ಯಾವ ಹಿರಿಯನಿಗೂ ಅಡ್ಡಿಯಿಲ್ಲ. ಯಾವ ಪತ್ರಿಕೆ, ಯಾವ ವಾರ ಎಂಬುದನ್ನು ಅವನಲ್ಲದೆ ಇನ್ನಾರು ಬಲ್ಲರು?

ಚಿತ್ರಗಳ ತೊಡಕು ಬೇರೆ. ಮನೆಯಲ್ಲಿರುವ ಫೋಟೋ ತನ್ನದೆಂದು ಎಲ್ಲರೂ ಭಾವಿಸುತ್ತಾರೆ. ಕಾನೂನಿನ ಪ್ರಕಾರ ಅದರ ಹಕ್ಕು ಸಾಮಾನ್ಯವಾಗಿ ತೆಗೆದವನದು, ಚಿತ್ರದಲ್ಲಿ ನಿಂತವನದಲ್ಲ. ಬ್ರಿಟನ್ನಿನಲ್ಲಿ ಆ ಹಕ್ಕು ತೆಗೆದವನು ಸತ್ತ ಮೇಲೆಯೂ 70 ವರ್ಷ ಬಾಳುತ್ತದೆ. ಹಕ್ಕುದಾರನು ಒಪ್ಪಿ ಬಿಟ್ಟುಕೊಟ್ಟ ಹೊರತು ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಭಂಡಾರಕ್ಕೆ ಅದು ಸೇರಲಾರದು. ಭಿತ್ತಿಪತ್ರವೊಂದರ ಚಿತ್ರವನ್ನು ಬರೆದ ಕೈ ಯಾವುದು, ಆ ಮೆರವಣಿಗೆಯಲ್ಲಿ ಕ್ಯಾಮೆರಾ ಹಿಡಿದವನು ಯಾರು, ಅವನು ಈಗ ಎಲ್ಲಿರುವನು, ಇವನ್ನು ಯಾವ ಗ್ರಂಥಾಲಯವೂ ಹೇಳಲಾರದು. ಹೇಳಬಲ್ಲವರು ಅಂದು ಜೊತೆಯಲ್ಲಿದ್ದವರು ಮಾತ್ರ.

ಅವರಾದರೋ ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ಜಯಾಬೆನ್ 2010ರಲ್ಲಿ ತೀರಿಕೊಂಡರು. 1965ರ ಫೆಬ್ರುವರಿಯಲ್ಲಿ ಅಮೆರಿಕದ ಮಾಲ್ಕಮ್ ಎಕ್ಸ್ ಅವರನ್ನು ಸ್ಮೆದಿಕ್ಕಿಗೆ ಬರಮಾಡಿಕೊಂಡು, ಬಿಳಿಯರಿಗಷ್ಟೇ ಮೀಸಲಾದ ಕೋಣೆಯಿದ್ದ ಮದ್ಯದಂಗಡಿಗೆ ಕರೆದೊಯ್ದು ತೋರಿಸಿದ ಅವತಾರ್ ಸಿಂಗ್ ಜೌಹಲ್ 2022ರಲ್ಲಿ ತೀರಿಕೊಂಡರು. ಅಂದಿನ ತರುಣರಿಗೆ ಇಂದು ಅರವತ್ತು ಎಪ್ಪತ್ತು ದಾಟಿದೆ.

ಚಳವಳಿಯ ಕರಪತ್ರಗಳನ್ನು ಕಂಡವರಿಗೆ ಅವುಗಳ ಒಂದು ಸಾಮಾನ್ಯ ದೋಷ ಗೊತ್ತು. ಸ್ಥಳ ಇರುತ್ತದೆ, ವೇಳೆ ಇರುತ್ತದೆ, 'ಭಾನುವಾರ' ಎಂದಿರುತ್ತದೆ; ಇಸವಿ ಇರುವುದಿಲ್ಲ. ಅವಸರದಲ್ಲಿ ಅಚ್ಚು ಹಾಕಿದವನಿಗೆ ಅದೇ ವರ್ಷವೆಂಬುದು ಸ್ವತಸ್ಸಿದ್ಧ. ಅದು ಯಾವ ಭಾನುವಾರವೆಂದು ಹೇಳಬೇಕಾದವನು ಈಗ ಬ್ರಾಡ್‌ಫರ್ಡಿನಲ್ಲೋ ಸೌತ್‌ಹಾಲಿನಲ್ಲೋ ಮೊಮ್ಮಗನನ್ನು ಶಾಲೆಯಿಂದ ಕರೆತರುತ್ತಿರಬೇಕು.