ಊರು ತನ್ನ ಹೆಸರಿನಲ್ಲೇ ತೆರೆಗೆ ಬರಲಿ

ರಾಮನಗರ 2007ರವರೆಗೂ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯದೇ. ಹಾಗಾಗಿ ಅಲ್ಲಿನ ರಾಮದೇವರ ಬೆಟ್ಟದ ಮಾತು ನಮಗೆ ಇವತ್ತಿಗೂ ಮನೆಯ ಮಾತು. ಅಲ್ಲಿಗೆ ದೂರದಿಂದ ಬಂದವರು ಗಬ್ಬರ್ ಸಿಂಗ್ ಓಡಾಡಿದ ಬಂಡೆ ಯಾವುದೆಂದು ವಿಚಾರಿಸುತ್ತಾರೆ. 1973ರಲ್ಲಿ ರಮೇಶ್ ಸಿಪ್ಪಿ ‘ಶೋಲೆ’ಗಾಗಿ ಈ ಬಂಡೆಗಳ ನಡುವೆ ಊರಿಗೆ ಊರನ್ನೇ ಸೆಟ್ ಹಾಕಿದರು. ತೆರೆಯ ಮೇಲೆ ನಮ್ಮ ಬೆಟ್ಟ ಉತ್ತರದ ಯಾವುದೋ ರಾಮಗಢವಾಯಿತು. ಕೋಟ್ಯಂತರ ಜನ ಅದನ್ನು ನೋಡಿದರು. ರಾಮನಗರವನ್ನು ನೋಡಿದೆವೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಇದು ನಮ್ಮೊಬ್ಬರ ಪಾಡಲ್ಲ. ಮೊರಾಕ್ಕೊದ ಮರುಭೂಮಿಯಂಚಿನ ಊರ್ಜಾಜಾತ್‌ನ ಅಟ್ಲಾಸ್ ಸ್ಟುಡಿಯೋದಲ್ಲಿ ಪ್ರವಾಸಿಗರು ಟಿಕೆಟ್ ಕೊಂಡು ಪ್ಲಾಸ್ಟರಿನ ಈಜಿಪ್ಟ್ ನೋಡುತ್ತಾರೆ. ಹತ್ತಿರದ ಐತ್ ಬೆನ್‌ಹದ್ದು ನಿಜವಾದ ಮಣ್ಣಿನ ಕೋಟೆಯೂರು, 1987ರಿಂದ ವಿಶ್ವ ಪರಂಪರೆಯ ತಾಣ. ‘ಗ್ಲಾಡಿಯೇಟರ್’ನಲ್ಲಿ ಅದಕ್ಕೂ ಸಿಕ್ಕಿದ್ದು ಪರವೂರಿನ ವೇಷವೇ.

ಪುಟ್ಟಣ್ಣ ಕಣಗಾಲರು ಹಾಗೆ ಮಾಡಲಿಲ್ಲ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ (1972) ಚಿತ್ರದಲ್ಲಿ ಚಿತ್ರದುರ್ಗ ಚಿತ್ರದುರ್ಗವಾಗಿಯೇ ಇದೆ. ರಾಮಾಚಾರಿ ಆ ಊರಿನ ಹುಡುಗ, ಕೋಟೆ ಅವನ ಅಂಗಳ. ಜಯಂತಿಯವರ ಓಬವ್ವ ಒನಕೆ ಎತ್ತಿ ನಿಲ್ಲುವ ದೃಶ್ಯ ನೋಡಿದವರು ದುರ್ಗಕ್ಕೆ ಹೋದರೆ ಆ ಕಿಂಡಿಯ ಮುಂದೆ ನಿಲ್ಲದೆ ಬರುವುದಿಲ್ಲ. ಒಬ್ಬರು ಮೈ ಬಗ್ಗಿಸಿ ತೂರಬೇಕಾದಷ್ಟೇ ಸಂದು. ತೂರಿ ಬಂದವರ ಮುಖ ನೋಡಿ: ಮಕ್ಕಳಿಗೆ ಅವರು ಹೇಳುವುದು ಹೈದರಾಲಿಯ ಸೈನಿಕರ ಕಥೆ, ಮದಕರಿ ನಾಯಕನ ಕಥೆ. ಸಿನಿಮಾ ಇಲ್ಲಿ ಕೋಟೆಯನ್ನು ಬಳಸಿಕೊಂಡು ಬಿಡಲಿಲ್ಲ, ಜನರ ಬಾಯಲ್ಲಿ ಉಳಿಸಿತು.

ದೇವನಹಳ್ಳಿಗೆ ಆ ಭಾಗ್ಯ ಇನ್ನೂ ಬರಬೇಕಿದೆ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. ಹೈದರಾಲಿಯ ಕಾಲಕ್ಕೆ ಅದು ಕಲ್ಲಿನದಾಯಿತು. ಟಿಪ್ಪು ಹುಟ್ಟಿದ ಊರು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆಯ ವಶವಾಯಿತು. ಇವತ್ತಿಗೂ ಕೋಟೆಯೊಳಗೆ ಜನ ಸಂಸಾರ ಮಾಡುತ್ತಿದ್ದಾರೆ, ವೇಣುಗೋಪಾಲಸ್ವಾಮಿಗೆ ಪೂಜೆ ನಡೆಯುತ್ತಿದೆ, ಗುಂಡು ಹಾರಿಸಲು ಬಿಟ್ಟ ಕಂಡಿಗಳು ಕೊತ್ತಲಗಳಲ್ಲಿ ಹಾಗೆಯೇ ಇವೆ. ವಿಮಾನ ಹಿಡಿಯುವ ಅವಸರದಲ್ಲಿ ಬೆಂಗಳೂರೇ ಇದರ ಹತ್ತಿರದವರೆಗೆ ಬಂದು ಹಿಂದಿರುಗುತ್ತದೆ. ಐದು ಶತಮಾನಗಳ ಕಥೆ ಇರುವ ಈ ಗೋಡೆಗಳನ್ನು ಬರೀ ಹಿನ್ನೆಲೆಯಾಗಿ ನಿಲ್ಲಿಸಿದರೆ ನನಗೆ ಸಂಕಟವಾಗುತ್ತದೆ.

ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಕೆರೆ ಏರಿ, ಗುಡಿ, ಬೆಟ್ಟಗಳಲ್ಲಿ ಚಿತ್ರೀಕರಣ ಆಗಿದ್ದರೆ, ತೆರೆಯ ಮೇಲೆ ನಿಮ್ಮೂರು ಯಾವ ಹೆಸರಿನಲ್ಲಿ ಬಂತು, ಅಂದು ಗುಂಪಿನಲ್ಲಿ ನಿಂತ ಊರವರು ಯಾರು ಎಂದು ಬರೆದು ಕಳಿಸಿ. ಮುಂದಿನ ಸಂಚಿಕೆಯಿಂದ ಅವನ್ನು ಪ್ರಕಟಿಸುತ್ತೇವೆ.