ಹರಳಯ್ಯನವರು ಬೀಗರಾಗಿ ಬೇಡವೆ?

ಬಸವ ಜಯಂತಿ ಬರುವುದು ವೈಶಾಖದಲ್ಲಿ. ಆಗ ಶಾಲೆಗಳಿಗೆ ಬೇಸಿಗೆ ರಜೆ. ಹೀಗಾಗಿ ನಮ್ಮ ಬೆಳಗಾವಿ ಭಾಗದ ಮಕ್ಕಳು ಬಸವಣ್ಣನವರ ನಾಟಕ ಆಡುವುದು ಹೆಚ್ಚಾಗಿ ಡಿಸೆಂಬರ್–ಜನವರಿಯ ಸ್ನೇಹ ಸಮ್ಮೇಳನದಲ್ಲಿ. ನಮ್ಮ ಜನರ ಬಾಯಲ್ಲಿ ಅದು ‘ಗ್ಯಾದರಿಂಗ್’. ನಾನು ಕನ್ನಡ ಮಾಸ್ತರ. ಬೆಳಗಾವಿ ನಗರದಲ್ಲಿಯೂ ಖಾನಾಪುರ ತಾಲೂಕಿನಲ್ಲಿಯೂ 6, 7, 8ನೆಯ ತರಗತಿಯ ಮಕ್ಕಳಿಂದ 20ಕ್ಕೂ ಹೆಚ್ಚು ವರ್ಷ ಇಂಥ ನಾಟಕಗಳನ್ನು ಆಡಿಸಿದ್ದೇನೆ. ಆ ಅನುಭವದಿಂದ ಒಂದು ಮಾತನ್ನು ಸಮಾಜದ ಮುಂದೆ, ವಿಶೇಷವಾಗಿ ಶಾಲೆಗಳನ್ನು ನಡೆಸುವ ನಮ್ಮ ಮಠಗಳ ಮುಂದೆ ಇಡುತ್ತಿದ್ದೇನೆ. ಶರಣರ ನಾಟಕಕ್ಕೆ ಪಾತ್ರ ಹಂಚುವ ದಿನವೇ ನಾವು ಶರಣರ ತತ್ವವನ್ನು ಕೈಬಿಡುತ್ತಿದ್ದೇವೆ. ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಪಾತ್ರಗಳ ಆಯ್ಕೆ ಹೇಗೆ ನಡೆಯುತ್ತದೆ ಎಂಬುದು ಎಲ್ಲ ಶಿಕ್ಷಕರಿಗೂ ಗೊತ್ತು. ಹೆಸರಿಗೆ ಮಕ್ಕಳನ್ನೆಲ್ಲ ಕರೆದು ನಾಲ್ಕು ಸಾಲು ಓದಿಸುತ್ತೇವೆ. ಆದರೆ ಬಸವಣ್ಣ ಯಾರು, ಬಿಜ್ಜಳ ಯಾರು ಎಂಬುದು ಅದಕ್ಕಿಂತ ಮೊದಲೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ತೀರ್ಮಾನವಾಗಿರುತ್ತದೆ. ಬಸವಣ್ಣನ ಪಾತ್ರಕ್ಕೆ ಬೆಳ್ಳಗಿನ ಹುಡುಗ ಬೇಕು. ಕ್ಯಾಲೆಂಡರಿನ ಚಿತ್ರದಲ್ಲಿದ್ದಂತೆ ಕಿರೀಟ, ಹಾರ, ಜರಿ ಶಲ್ಯ ಬಾಡಿಗೆಗೆ ತರಬೇಕಾಗುವುದರಿಂದ ಖರ್ಚು ಮಾಡಬಲ್ಲ ಮನೆಯವನಾಗಿರಬೇಕು. ದೇಣಿಗೆ ಕೊಟ್ಟವರ ಮಗನಾದರೆ ಇನ್ನೂ ಒಳ್ಳೆಯದು. ಅಕ್ಕಮಹಾದೇವಿಗೆ ಉದ್ದ ಕೂದಲಿನ, ತೆಳ್ಳಗಿನ ಹುಡುಗಿ. ಇನ್ನು ಉಳಿದ ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ? ಇವರಿಗೆ ಹಾಸ್ಟೆಲಿನ ಹುಡುಗರು. ಜಾತಿ ನೋಡಿ ಹಂಚಿದೆವು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಅವನ ಮುಖಕ್ಕ ಆ ಪಾರ್ಟ ಹೊಂದತೈತಿ’ ಎನ್ನುತ್ತೇವೆ ಅಷ್ಟೇ. ಹನ್ನೆರಡು ವರ್ಷದ ಹುಡುಗನಿಗೆ ಆ ಮಾತಿನ ಅರ್ಥ ಆಗುವುದಿಲ್ಲವೆಂದು ತಿಳಿದಿದ್ದರೆ ಅದು ನಮ್ಮ ಭ್ರಮೆ.

ಪಾತ್ರಗಳಷ್ಟೇ ಅಲ್ಲ, ದೃಶ್ಯಗಳ ಆಯ್ಕೆಯಲ್ಲಿಯೂ ನಮ್ಮ ಮನಸ್ಸು ಬಯಲಾಗುತ್ತದೆ. ಶಾಲಾ ನಾಟಕಗಳಲ್ಲಿ ತಪ್ಪದೆ ಇರುವ ದೃಶ್ಯ ಪಾದರಕ್ಷೆಯದು. ಹರಳಯ್ಯನವರು ಒಂದು ಶರಣು ಹೇಳಿದರೆ ಬಸವಣ್ಣನವರು ಎರಡು ಶರಣು ಹೇಳುತ್ತಾರೆ. ಆ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತರುತ್ತಾರೆ. ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಹಾರ್ಮೋನಿಯಂ ಮೊಳಗುತ್ತದೆ, ಮುಂದಿನ ಸಾಲಿನಲ್ಲಿ ಕುಳಿತ ತಾಯಂದಿರು ಕಣ್ಣೊರೆಸಿಕೊಳ್ಳುತ್ತಾರೆ. ಒಳ್ಳೆಯ ದೃಶ್ಯವೇ. ಆದರೆ ಕಲ್ಯಾಣ ಅಲುಗಾಡಿದ್ದು ಪಾದರಕ್ಷೆಯಿಂದಲ್ಲ. ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳು ಲಾವಣ್ಯಳಿಗೂ ಮದುವೆಯಾಯಿತು. ಅದಕ್ಕಾಗಿ ಇಬ್ಬರೂ ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಶರಣರು ಚದುರಿದ್ದು ಆ ನಂತರ. ನಮ್ಮ ನಾಟಕಗಳಲ್ಲಿ ‘ವೇಳೆ ಸಾಲುವುದಿಲ್ಲ’ ಎಂದು ಕತ್ತರಿ ಬೀಳುವುದು ಈ ದೃಶ್ಯಕ್ಕೇ. ಹರಳಯ್ಯನವರು ನಮಗೆ ಭಕ್ತರಾಗಿ ಬೇಕು, ಬೀಗರಾಗಿ ಬೇಡ.

ಈಗ ನನ್ನ ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ ಖಾನಾಪುರ ತಾಲೂಕಿನ ಒಂದು ಶಾಲೆಯಲ್ಲಿ, ಈ ಸಲ ಮದುವೆಯ ದೃಶ್ಯ ಇರಲೇಬೇಕು ಎಂದು ಹಟ ಹಿಡಿದು ಬರೆದುಕೊಂಡೆ. ಶೀಲವಂತನ ಪಾತ್ರಕ್ಕೆ ಏಳನೆಯ ತರಗತಿಯ ಒಬ್ಬ ಹುಡುಗ ಸಿಕ್ಕ. ಮಾತು ಸ್ಪಷ್ಟ, ನಿಲುವು ಚೆನ್ನ, ಎರಡೇ ದಿನದಲ್ಲಿ ಎಲ್ಲರ ಮಾತುಗಳೂ ಅವನಿಗೆ ಬಾಯಿಪಾಠ. ಅವನದು ದಲಿತ ಕುಟುಂಬ. ಲಾವಣ್ಯಳ ಪಾತ್ರದ ಹುಡುಗಿ ಲಿಂಗಾಯತರ ಮನೆಯವಳು. ತಾಲೀಮಿನ ಮೂರನೆಯ ದಿನ ಆಕೆಯ ತಂದೆ ಬಂದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಇಷ್ಟಲಿಂಗ. ಪ್ರವಚನಗಳಲ್ಲಿ ಮುಂದೆ ಕುಳಿತು ಕೇಳುವವರು. ಸಿಟ್ಟಿನಿಂದೇನೂ ಮಾತನಾಡಲಿಲ್ಲ. ‘ಸರ, ನಾಟಕ ಮಾಡ್ರಿ, ನಮ್ಮದೇನ ತಕರಾರಿಲ್ಲ. ಖರೆ ನಮ್ಮ ಹುಡುಗೀನ ಆ ಹುಡುಗನ ಬಾಜೂಕ ಮಾಲಿ ಹಾಕ್ಸಿ ನಿಂದರಸಬ್ಯಾಡ್ರಿ. ನಾಳಿ ಫೋಟೋ ಊರೆಲ್ಲಾ ಹರದಾಡತೈತಿ’ ಎಂದರು.

ನಾನು ಏನು ಹೇಳಬೇಕಿತ್ತು ಎಂಬುದು ಈಗ ಚೆನ್ನಾಗಿ ಗೊತ್ತಿದೆ. ಅವತ್ತು ‘ಆಗಲಿ, ನೋಡೋಣರಿ’ ಎಂದೆ. ಮುಖ್ಯ ಗುರುಗಳೂ ‘ಗದ್ದಲ ಬ್ಯಾಡ’ ಎಂದರು. ಮರುದಿನ ದೃಶ್ಯವನ್ನು ತೆಗೆದು, ಅದರ ಬದಲು ಹಿನ್ನೆಲೆಯಲ್ಲಿ ಓದುವ ನಾಲ್ಕು ಸಾಲು ಬರೆದೆ. ಹುಡುಗನಿಗೆ ವೇಳೆ ಸಾಲುವುದಿಲ್ಲವೆಂಬ ಅದೇ ಹಳೆಯ ಸುಳ್ಳು ಹೇಳಿದೆ. ಮದುಮಗನ ವೇಷಕ್ಕೆಂದು ಅವನು ತನ್ನ ಅಜ್ಜನ ರುಮಾಲು ತಂದಿದ್ದ. ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡ. ‘ಯಾಕ್ರಿ?’ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದೇ ನನ್ನನ್ನು ಇಂದಿಗೂ ಕಾಡುತ್ತದೆ. ಅವನಿಗೆ ಕಾರಣ ಗೊತ್ತಿತ್ತು.

ಸಮಾಧಾನಕ್ಕೆಂದು ಅವನಿಗೆ ಅನುಭವ ಮಂಟಪದ ದೃಶ್ಯದಲ್ಲಿ ಡೋಹರ ಕಕ್ಕಯ್ಯನವರ ಪಾತ್ರ ಕೊಟ್ಟೆ. ನಾನು ಕೂರಿಸಿದ ರೀತಿ ಹೀಗಿತ್ತು: ನಡುವೆ ಎತ್ತರದಲ್ಲಿ ಅಲ್ಲಮಪ್ರಭುಗಳು, ಪಕ್ಕದಲ್ಲಿ ಬಸವಣ್ಣ, ಚೆನ್ನಬಸವಣ್ಣ. ಅಂಚಿನಲ್ಲಿ ಕೈಮುಗಿದು ಕುಳಿತ ಕಕ್ಕಯ್ಯ, ಚೆನ್ನಯ್ಯ, ಹರಳಯ್ಯ. ತಾಲೀಮಿನ ನಡುವೆ ಹುಡುಗ ಒಂದು ಪ್ರಶ್ನೆ ಕೇಳಿದ. ‘ಸರ, ಕಕ್ಕಯ್ಯ ಬಸವಣ್ಣಗ ಏನಾಗಬೇಕ್ರಿ?’ ಬಸವಣ್ಣನವರು ಅವರನ್ನು ಹಿರಿಯರೆಂದು, ತಮ್ಮ ಮನೆತನದವರೆಂದು ಕರೆದುಕೊಂಡಿದ್ದಾರೆ ಎಂದೆ. ‘ಹಂಗಾದ್ರ ಬಸವಣ್ಣ ಬಂದಾಗ ನಾ ಎದ್ದ ನಿಂದರಬೇಕೋ, ಅಂವಾ ನನಗ ಶರಣ ಮಾಡಬೇಕೋ?’

ನಾಟಕ ಮಾಡಿಸುವವನಿಗೆ ಇದು ಬರೀ ಎಲ್ಲಿ ಕೂರಬೇಕು, ಯಾವಾಗ ಏಳಬೇಕು ಎಂಬ ಪ್ರಶ್ನೆ. ಅಷ್ಟು ವರ್ಷ ನಾಟಕ ಆಡಿಸಿದರೂ ನನಗೆ ಅದು ಹೊಳೆದಿರಲಿಲ್ಲ. ಅವತ್ತೇ ದೃಶ್ಯವನ್ನು ತಿರುವಿದೆ. ಕಕ್ಕಯ್ಯನವರನ್ನು ಅಂಚಿನಿಂದ ನಡುವಿಗೆ ತಂದೆ. ಬಸವಣ್ಣ ಒಳಗೆ ಬಂದವನೇ ಅವರ ಮುಂದೆ ಬಾಗಬೇಕು ಎಂದೆ. ಬಸವಣ್ಣನ ಪಾತ್ರದ ಹುಡುಗ ಊರಿನ ದೊಡ್ಡ ಮನೆಯವನು. ಒಂದು ಕ್ಷಣವೂ ಅನುಮಾನಿಸದೆ ಬಾಗಿ ಕೈಮುಗಿದ, ಮುಗಿದು ನಕ್ಕ. ಮಕ್ಕಳಿಗೆ ಇದು ಕಷ್ಟವೇ ಅಲ್ಲ. ಕಷ್ಟ ಇರುವುದು ನಮಗೆ.

ಇದೆಲ್ಲ ನಡೆದದ್ದು ಖಾನಾಪುರ ತಾಲೂಕಿನಲ್ಲಿ ಎಂಬುದನ್ನು ಓದುಗರು ಗಮನಿಸಬೇಕು. ಡೋಹರ ಕಕ್ಕಯ್ಯನವರ ಐಕ್ಯಸ್ಥಳ ಕಕ್ಕೇರಿ ಇರುವುದು ಇದೇ ತಾಲೂಕಿನಲ್ಲಿ. ಕಲ್ಯಾಣದಿಂದ ಹೊರಟ ಶರಣರು ವಚನದ ಕಟ್ಟುಗಳನ್ನು ಉಳಿಸಿಕೊಳ್ಳುತ್ತ ಉಳವಿಯತ್ತ ಸಾಗಿದ್ದು ನಮ್ಮ ಈ ನೆಲದ ಮೇಲಿಂದಲೇ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ಮಡಿಲಲ್ಲಿ, ಎಂ.ಕೆ. ಹುಬ್ಬಳ್ಳಿಯಲ್ಲಿ, ಗಂಗಾಂಬಿಕೆಯವರ ಐಕ್ಯಮಂಟಪವಿದೆ. ಬೆನ್ನಟ್ಟಿ ಬಂದ ಸೈನ್ಯವನ್ನು ತಡೆಯುತ್ತ ಕಕ್ಕಯ್ಯನವರು ಪ್ರಾಣ ಕೊಟ್ಟರೆಂದು ಈ ಭಾಗದಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಅವರು ಕಾದು ಉಳಿಸಿದ ವಚನಗಳನ್ನು ನಾವು ಮೈಕಿನಲ್ಲಿ ಹಾಡಿಸುತ್ತೇವೆ. ಅವರ ಪಾತ್ರವನ್ನು ಮಾತ್ರ ಮೂಲೆಯಲ್ಲಿ ಕೂರಿಸುತ್ತೇವೆ.

ನಾಟಕ ನಮಗೆ ಹೊಸದಲ್ಲ. ನಮ್ಮ ಜಿಲ್ಲೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, 2017ರಲ್ಲಿ ಲಿಂಗೈಕ್ಯರಾದ ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ತಾವೇ ಬಸವಣ್ಣನಾಗಿ ಊರೂರು ತಿರುಗಿದರು. ಅಕ್ಷರ ಬಾರದ ಎಷ್ಟೋ ಹಿರಿಯರು ಬಸವಣ್ಣನವರನ್ನು ಮೊದಲು ಕಂಡದ್ದು ಕಂಪನಿ ನಾಟಕದ ಪರದೆಯ ಮುಂದೆ. ಸಾಣೇಹಳ್ಳಿಯ ಪೂಜ್ಯರು 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿ, 1997ರಿಂದ ‘ಶಿವಸಂಚಾರ’ದ ಮೂಲಕ ನಾಡಿನ ಉದ್ದಗಲಕ್ಕೆ ನಾಟಕ ಒಯ್ದರು. ಮಠವೊಂದು ರಂಗಭೂಮಿಯನ್ನು ಧರ್ಮದ ಕೆಲಸವೆಂದೇ ಎತ್ತಿಕೊಂಡ ಉದಾಹರಣೆ ಅದು. ಗಿರೀಶ ಕಾರ್ನಾಡರು 1990ರಲ್ಲಿ ಬರೆದ ‘ತಲೆದಂಡ’ದ ತಿರುಳೂ ಹರಳಯ್ಯ–ಮಧುವರಸರ ಮಕ್ಕಳ ಮದುವೆಯೇ. ದೊಡ್ಡವರ ರಂಗಭೂಮಿ ಎದುರಿಸಿದ ಪ್ರಶ್ನೆಯನ್ನು ಶಾಲೆಯ ರಂಗಭೂಮಿ ಮಾತ್ರ ತಪ್ಪಿಸಿಕೊಂಡು ಓಡಾಡುತ್ತಿದೆ.

ಇದಕ್ಕೆ ಬರುವ ಆಕ್ಷೇಪಗಳು ಗೊತ್ತಿವೆ. ‘ಸಣ್ಣ ಮಕ್ಕಳಿಂದ ಮದುವೆ ದೃಶ್ಯ ಯಾಕೆ?’ ಎನ್ನುತ್ತಾರೆ. ಅದೇ ಗ್ಯಾದರಿಂಗಿನಲ್ಲಿ ಸೀತಾ ಸ್ವಯಂವರ ಆಡಿಸಿದರೆ, ಶಿವ–ಪಾರ್ವತಿಯರ ಕಲ್ಯಾಣ ಆಡಿಸಿದರೆ ಯಾರೂ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ. ಎಳೆಹೂಟೆಯ ಕ್ರೌರ್ಯವನ್ನು ಮಕ್ಕಳಿಗೆ ತೋರಿಸಬೇಕಿಲ್ಲ, ಒಂದು ಹಲಗೆಯ ಬಡಿತ ಸಾಕು. ‘ಮಾತು ಬರುವವರಿಗೆ ಪಾತ್ರ ಕೊಡಬೇಕಲ್ಲವೆ?’ ಎನ್ನುತ್ತಾರೆ. ಹೌದು. ಆದರೆ ಮಾತು ಬರುತ್ತದೆಯೋ ಇಲ್ಲವೋ ಎಂದು ಎಷ್ಟು ಮಕ್ಕಳಿಗೆ ಅವಕಾಶ ಕೊಟ್ಟು ನೋಡಿದ್ದೇವೆ? ‘ದಲಿತರ ಹುಡುಗ ಕಕ್ಕಯ್ಯನಾದರೆ ಅವನಿಗೆ ಹೆಮ್ಮೆಯೇ ಅಲ್ಲವೆ?’ ಎಂಬುದು ಇನ್ನೊಂದು ಮಾತು. ಅವನೇ ಕೇಳಿ ಪಡೆದರೆ ಹೆಮ್ಮೆ. ಬೇರೆ ಪಾತ್ರ ಸಿಗದೆ ಅದು ಅವನ ಪಾಲಿಗೆ ಬಂದರೆ ಅದು ಹಳೆಯ ಕೇರಿಯೇ, ರಂಗದ ಮೇಲೆ ಬಂದಿದೆ ಅಷ್ಟೇ.

ಖಾನಾಪುರದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಎಷ್ಟೋ ಮಕ್ಕಳ ಮನೆಮಾತು ಮರಾಠಿ. ಅವರ ಕನ್ನಡದ ರಾಗ ಬೇರೆ. ‘ವಚನ ಶುದ್ಧ ಬರೂದಿಲ್ಲ’ ಎಂದು ಅವರನ್ನು ಪರದೆ ಎಳೆಯಲು ನಿಲ್ಲಿಸುತ್ತೇವೆ. ಕಲ್ಯಾಣಕ್ಕೆ ಬಂದವರೆಲ್ಲ ಒಂದೇ ರಾಗದ ಕನ್ನಡ ಆಡಿದರೆ? ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ, ಆದಯ್ಯನವರು ಸೌರಾಷ್ಟ್ರದಿಂದ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಸಿದ್ಧರಾಮೇಶ್ವರರ ಸೊನ್ನಲಿಗೆ ಇಂದಿನ ಸೊಲ್ಲಾಪುರ, ಈಗ ಮಹಾರಾಷ್ಟ್ರದಲ್ಲಿದೆ. ಮರಾಠಿ ಮನೆಯ ಮಗು ವಚನ ಹೇಳಲು ಮುಂದೆ ಬಂದರೆ ನಾವು ಎದ್ದು ಬರಮಾಡಿಕೊಳ್ಳಬೇಕು. ಗಡಿನಾಡಿನ ಬಡ ವಿದ್ಯಾರ್ಥಿಗಳಿಗೆ ಅನ್ನ, ಆಶ್ರಯ, ಅಕ್ಷರ ಕೊಟ್ಟ ನಾಗನೂರು ರುದ್ರಾಕ್ಷಿಮಠದಂಥ ಮಠಗಳು ಇರುವ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಾಗಾದರೆ ಏನು ಮಾಡಬೇಕು? ಆ ಘಟನೆಯ ನಂತರ ನಾನು ನಡೆಸಿಕೊಂಡು ಬಂದ ಕ್ರಮವನ್ನೇ ಹೇಳುತ್ತೇನೆ. ಮೊದಲ ವಾರ ಯಾರಿಗೂ ಪಾತ್ರ ಹಂಚುವುದಿಲ್ಲ. ಎಲ್ಲ ಮಕ್ಕಳೂ ಎಲ್ಲ ಪಾತ್ರಗಳ ಮಾತನ್ನೂ ಸರದಿಯ ಮೇಲೆ ಓದುತ್ತಾರೆ, ಹುಡುಗಿಯರು ಬಸವಣ್ಣನದನ್ನೂ, ಹುಡುಗರು ಕಲ್ಯಾಣಮ್ಮನದನ್ನೂ. ಬಳಿಕ ಯಾವ ಪಾತ್ರ ಬೇಕು, ಯಾಕೆ ಬೇಕು ಎಂದು ಮಕ್ಕಳೇ ಹೇಳುತ್ತಾರೆ. ಒಂದು ಪಾತ್ರಕ್ಕೆ ಇಬ್ಬರು ಇದ್ದರೆ ನಾಟಕದ ಮೊದಲರ್ಧಕ್ಕೆ ಒಬ್ಬ, ಉಳಿದರ್ಧಕ್ಕೆ ಇನ್ನೊಬ್ಬ. ಬಸವಣ್ಣ ಬದಲಾದರೆ ಜನರಿಗೆ ತಿಳಿಯಲೆಂದು ಒಂದು ಶಲ್ಯವನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಬಾಡಿಗೆಯ ಕಿರೀಟ, ಹಾರ ಬೇಡ. ಎಲ್ಲರಿಗೂ ಬಿಳಿಯ ಅಂಗಿ, ಹಣೆಗೆ ವಿಭೂತಿ. ಇದರಿಂದ ಖರ್ಚೂ ಉಳಿಯಿತು, ಶ್ರೀಮಂತರ ಮಕ್ಕಳಿಗಷ್ಟೇ ಪಾತ್ರ ಎಂಬುದೂ ಹೋಯಿತು. ರಂಗ ಗುಡಿಸುವುದು, ಜಮಖಾನೆ ಹಾಸುವುದು, ಮಕ್ಕಳಿಗೆ ನೀರು ಕೊಡುವುದು ಎಲ್ಲರ ಕಾಯಕ. ಬಸವಣ್ಣನಾದವನಿಗೂ ವಿನಾಯಿತಿ ಇಲ್ಲ.

ಇಷ್ಟನ್ನು ಒಬ್ಬ ಮಾಸ್ತರ ಮಾಡಬಹುದು. ಆದರೆ ವಿಭೂತಿ ಧರಿಸಿದ ತಂದೆಯೊಬ್ಬರು ಬಂದು ‘ಬಾಜೂಕ ನಿಂದರಸಬ್ಯಾಡ್ರಿ’ ಎಂದಾಗ ಮಾಸ್ತರನ ಬೆನ್ನಿಗೆ ಯಾರಾದರೂ ಬೇಕು. ಪಾಲಕರ ಸಭೆಯಲ್ಲಿ ಪೂಜ್ಯರು, ‘ನಮ್ಮ ಶಾಲೆಯಲ್ಲಿ ಪಾತ್ರಕ್ಕೆ ಜಾತಿ ಇಲ್ಲ, ಒಪ್ಪದವರ ಮಾತಿಗೆ ದೃಶ್ಯ ತೆಗೆಯುವುದಿಲ್ಲ’ ಎಂದು ಒಂದು ಮಾತು ಹೇಳಿದರೆ ಸಾಕು. ಮಾಸ್ತರನ ನೂರು ಮಾತಿಗೆ ಇಲ್ಲದ ತೂಕ ಆ ಒಂದು ಮಾತಿಗಿದೆ. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು, ಕಚೇರಿಗಳ ಗೋಡೆಗೆ ಭಾವಚಿತ್ರ ಬಂತು. ನಮಗೆಲ್ಲ ಸಂತೋಷ. ಮಠದ ಶಾಲೆಯ ರಂಗದ ಮೇಲೆ ಆ ಬಸವಣ್ಣ ಯಾರ ಮುಂದೆ ಬಾಗುತ್ತಾನೆ ಎಂಬುದನ್ನು ನಾವೇ ನಿರ್ಧರಿಸಬೇಕು.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಒಮ್ಮೆ ಸಿಕ್ಕಿದ್ದ, ‘ಶರಣ್ರಿ ಸರ’ ಎಂದ. ನಾನು ಎರಡು ಸಲ ಶರಣು ಹೇಳಿದೆ. ಮದುವೆಯ ದೃಶ್ಯವನ್ನು ಯಾಕೆ ತೆಗೆದೆನೆಂದು ಆಗಲೂ ಅವನಿಗೆ ಹೇಳಲಾಗಲಿಲ್ಲ. ಇಲ್ಲಿ ಹೇಳಿದ್ದೇನೆ. ಬರುವ ನವೆಂಬರಿನಲ್ಲಿ ಮತ್ತೆ ಪಾತ್ರಗಳ ಪಟ್ಟಿ ಬರೆಯಲು ಕೂರುವ ಶಿಕ್ಷಕ ಬಂಧುಗಳು ಪೆನ್ನು ಎತ್ತುವ ಮುನ್ನ ಒಮ್ಮೆ ಕಕ್ಕೇರಿಯನ್ನು ನೆನೆಯಲಿ, ಮದುವೆಯ ದೃಶ್ಯವನ್ನು ಬಿಡದೆ ಇಟ್ಟುಕೊಳ್ಳಲಿ ಎಂದು ಕೈಮುಗಿದು ಕೇಳುತ್ತೇನೆ.